ಬಿಟ್ಟರೂ ಬಿಡದ ನಕ್ಷತ್ರಿಕ

ಸಾಲ ಕೇಳಲು ಬಂದವನು ಜಗಲಿಯಿಂದ ಏಳದೆ ಕುಳಿತರೆ, ಬೇಡವೆಂದರೂ ಒಬ್ಬನು ಪಯಣದುದ್ದಕ್ಕೂ ಬೆನ್ನು ಹತ್ತಿದರೆ, ‘ಇದೇನು ನಕ್ಷತ್ರಿಕನ ಕಾಟ!’ ಎಂದು ಕನ್ನಡಿಗರು ನಿಟ್ಟುಸಿರು ಬಿಡುವುದುಂಟು. ಕಥೆಯೊಳಗಿನ ಪಾತ್ರವೊಂದು ಹೀಗೆ ಮನೆಮಾತಾಗುವುದು ಅಪರೂಪ. ಆದರೆ ಈ ಪಾತ್ರ ಕಥೆಗೆ ಬೇಕೇ, ಬೇಡವೇ ಎಂಬ ಚರ್ಚೆ ಮಾತ್ರ ಮುಗಿದಿಲ್ಲ.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿರುವ ಸಿದ್ಧಕಟ್ಟೆಯ ಸೀಮೆಯಲ್ಲಿ ಇಂಥ ಚರ್ಚೆ ಸಹಜವೇ ಸರಿ. ಬಣ್ಣದ ವೇಷಕ್ಕೆ ಹೆಸರಾದ ಸದಾಶಿವ ಶೆಟ್ಟಿಗಾರರು ಈ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತವರು. ಹಾಸ್ಯರಸದಿಂದ ತುಳುನಾಡನ್ನು ನಗಿಸಿದ ಅಣ್ಣಪ್ಪನವರ ಮಿಜಾರು ಇಲ್ಲಿಗೆ ಅಷ್ಟೇನೂ ದೂರವಲ್ಲ. ಗದ್ದೆಯ ಕೊಯ್ಲು ಮುಗಿದು ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ, ಮೇ ತಿಂಗಳ ಪತ್ತನಾಜೆಯವರೆಗೆ ಚೆಂಡೆಯ ಸದ್ದು ಅಡಗದ ನಾಡು ಇದು.

ಹರಿಶ್ಚಂದ್ರನ ಕಥೆ ಎಲ್ಲರೂ ಬಲ್ಲದ್ದು. ಆನೆಯ ಮೇಲೆ ನಿಂತು ಮೇಲಕ್ಕೆ ಎಸೆದದ್ದು ಏರುವಷ್ಟು ಎತ್ತರದ ಹೊನ್ನಿನ ರಾಶಿಯನ್ನು ಅವನು ವಿಶ್ವಾಮಿತ್ರನಿಗೆ ಕೊಡಬೇಕು. ರಾಜ್ಯವನ್ನೂ ಕಳೆದುಕೊಂಡ ಅರಸನು ಚಂದ್ರಮತಿ, ಲೋಹಿತಾಶ್ವರೊಡನೆ ಕಾಶಿಯ ದಾರಿ ಹಿಡಿಯುತ್ತಾನೆ. ಸಾಲದ ವಸೂಲಿಗಾಗಿ ಮುನಿಯು ತನ್ನ ಕಡೆಯವನೊಬ್ಬನನ್ನು ಜೊತೆಗೆ ಕಳುಹಿಸುತ್ತಾನೆ. ಅವನೇ ನಕ್ಷತ್ರಕ, ಜನರ ಬಾಯಲ್ಲಿ ನಕ್ಷತ್ರಿಕ.

ಆಶ್ಚರ್ಯವೆಂದರೆ ಮಾರ್ಕಂಡೇಯ ಪುರಾಣದಲ್ಲಿ ಇಂಥ ಜೊತೆಗಾರನಿಲ್ಲ. ಅಲ್ಲಿ ವಿಶ್ವಾಮಿತ್ರನೇ ಎದುರು ನಿಂತು ಸಾಲ ಕೇಳುತ್ತಾನೆ. ಕನ್ನಡಿಗರಿಗೆ ಈ ಕಾಡುವವನನ್ನು ಪರಿಚಯಿಸಿದ್ದು ಷಟ್ಪದಿಯ ಮಹಾಕವಿ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’. ಪುರಾಣದಲ್ಲಿ ಇಲ್ಲದವನು ಕಾವ್ಯದಲ್ಲಿ ಬಂದ, ರಂಗಸ್ಥಳವನ್ನು ಏರಿದ, 1965ರ ‘ಸತ್ಯ ಹರಿಶ್ಚಂದ್ರ’ ಚಿತ್ರದಲ್ಲಿ ನರಸಿಂಹರಾಜು ಅವರ ರೂಪದಲ್ಲಿ ರಾಜಕುಮಾರರ ಬೆನ್ನು ಹತ್ತಿದ. 2008ರಲ್ಲಿ ಆ ಚಿತ್ರವು ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂದಾಗಲೂ ಬಿಡಲಿಲ್ಲ!

ಇವನನ್ನು ಒಪ್ಪದವರ ವಾದವೂ ಹಗುರವಾದದ್ದಲ್ಲ. ಮಗು ಹಸಿದು ಅಳುತ್ತಿದೆ, ರಾಣಿಯ ಕಾಲು ಬೊಬ್ಬೆ ಎದ್ದಿದೆ. ಆ ಹೊತ್ತಿನಲ್ಲಿ ‘ನನಗೆ ನಡೆಯಲಾಗದು, ಹೊತ್ತುಕೋ’ ಎಂದು ನೆಲಕ್ಕೆ ಕುಕ್ಕರಿಸುವವನನ್ನು ಕಂಡು ನಗುವುದೇ, ಅಳುವುದೇ? ಕರುಣರಸವು ಕುದಿಯುವ ಮೊದಲೇ ಹಾಸ್ಯದ ತಣ್ಣೀರು ಬೀಳುತ್ತದೆ ಎಂಬುದು ಅವರ ದೂರು. ಬೆಳಗಿನವರೆಗೆ ನಡೆಯುತ್ತಿದ್ದ ಆಟಗಳಲ್ಲಿ ಹಲವು ಈಗ ಕಾಲಮಿತಿಗೆ ಒಳಪಟ್ಟು ನಡುರಾತ್ರಿಗೇ ಮುಗಿಯುತ್ತವೆ. ಪ್ರಸಂಗವನ್ನು ಕತ್ತರಿಸಲೇಬೇಕಾದಾಗ ಮೊದಲು ಹಾಸ್ಯಗಾರನ ಪಾಲಿಗೆ ಕತ್ತರಿ ಬಿದ್ದರೆ ತಪ್ಪೇನು ಎಂದು ಅವರು ಕೇಳುತ್ತಾರೆ.

ಇನ್ನೊಂದು ಪಕ್ಷದವರ ಉತ್ತರ ಆಲೋಚನೆಗೆ ಹಚ್ಚುವಂಥದು. ವಿಶ್ವಾಮಿತ್ರನು ಗರ್ಜಿಸುವ ಋಷಿ. ಅವನೆದುರು ಸತ್ಯವನ್ನು ಹಿಡಿದು ನಿಲ್ಲಲು ಕ್ಷತ್ರಿಯನ ಧೈರ್ಯವೇ ಸಾಕು. ಆದರೆ ದಿನವಿಡೀ ಪಕ್ಕದಲ್ಲೇ ನಡೆಯುತ್ತ, ಹಸಿವನ್ನೂ ಬಿಸಿಲನ್ನೂ ನೆಪಮಾಡಿ, ‘ಕೊಡಲಾರೆ ಎಂದು ಒಂದು ಮಾತು ಹೇಳಿಬಿಡು, ನಿನ್ನ ಕಷ್ಟವೂ ತೀರಿತು, ನನ್ನದೂ ತೀರಿತು’ ಎಂಬ ಧಾಟಿಯಲ್ಲಿ ಪುಸಲಾಯಿಸುವವನ ಮುಂದೆ ನಿಲ್ಲುವುದು ಬೇರೆಯೇ ತಪಸ್ಸು. ಸಿಡಿಲಿಗೆ ಬೀಳದ ಮರವನ್ನು ಗೆದ್ದಲು ಬೀಳಿಸಬಲ್ಲದು. ಆ ಗೆದ್ದಲೇ ನಕ್ಷತ್ರಿಕ. ಅವನನ್ನು ತೆಗೆದುಹಾಕಿದರೆ ಅಯೋಧ್ಯೆಯಿಂದ ಕಾಶಿಯವರೆಗಿನ ದಾರಿ ಬರಿಯ ದಾರಿಯಾಗಿ ಉಳಿಯುತ್ತದೆ; ಪರೀಕ್ಷೆಯಾಗುವುದಿಲ್ಲ.

ತಾಳಮದ್ದಳೆಯಲ್ಲಿ ಈ ಪಾತ್ರಕ್ಕೆ ಮತ್ತೊಂದು ಮುಖ ದೊರೆಯುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಬಂಡವಾಳ. ಬಲ್ಲ ಅರ್ಥಧಾರಿಯ ಬಾಯಲ್ಲಿ ನಕ್ಷತ್ರಿಕನು ವಿದೂಷಕನಾಗಿಯೇ ಉಳಿಯಬೇಕಾಗಿಲ್ಲ. ಗುರುವಿನ ಅಪ್ಪಣೆ ಒಂದು ಕಡೆ, ಕಣ್ಣೆದುರಿನ ಅನ್ಯಾಯ ಇನ್ನೊಂದು ಕಡೆ. ನಡುವೆ ಸಿಕ್ಕಿಬಿದ್ದ ಸೇವಕನವನು. ಸಾಲ ಅವನದಲ್ಲ, ಹೊನ್ನು ಅವನಿಗೆ ಸೇರುವುದಿಲ್ಲ; ಹಸಿವು ಮಾತ್ರ ಅವನದೂ ಹೌದು. ಯಜಮಾನನ ಕಠಿಣ ಮಾತನ್ನು ತನ್ನ ಬಾಯಿಂದ ಆಡಬೇಕಾಗಿ ಬರುವ ಯಾವ ನೌಕರನಿಗೆ ಈ ಸಂಕಟ ತಿಳಿಯದು?

ಹಾಗಾದರೆ ತೀರ್ಪೇನು? ದೋಷವಿರುವುದು ಪಾತ್ರದಲ್ಲಲ್ಲ, ಅಳತೆಯಲ್ಲಿ ಎನ್ನಬೇಕು. ಹಾಸ್ಯವು ಸನ್ನಿವೇಶದಿಂದ ಹುಟ್ಟಿದರೆ ಅರಸನ ದುಃಖ ಇನ್ನಷ್ಟು ಆಳವಾಗುತ್ತದೆ. ಚಪ್ಪಾಳೆಗೆಂದು ಹೊರಗಿನಿಂದ ತಂದು ತುರುಕಿದರೆ ದುಃಖವೂ ಇಲ್ಲ, ನಗುವೂ ಇಲ್ಲ. ಕತ್ತರಿ ಆಡಿಸುವವರು ಹಾಸ್ಯದ ಹೆಚ್ಚಳವನ್ನು ಕತ್ತರಿಸಲಿ, ಹಾಸ್ಯಗಾರನನ್ನಲ್ಲ.

ಕಾಶಿಯ ಸಂತೆಯಲ್ಲಿ ಚಂದ್ರಮತಿಯೂ ಲೋಹಿತಾಶ್ವನೂ ಮಾರಾಟವಾಗಿ, ಕೊನೆಗೆ ಹರಿಶ್ಚಂದ್ರನೂ ವೀರಬಾಹುವಿನ ಆಳಾದಾಗ ಹೊನ್ನಿನ ಲೆಕ್ಕ ಚುಕ್ತವಾಗುತ್ತದೆ. ನಕ್ಷತ್ರಿಕನಿಗೆ ಅಲ್ಲಿ ಮತ್ತೆ ಕೆಲಸವಿಲ್ಲ. ಅರಸನು ಸ್ಮಶಾನದ ಕಡೆಗೆ, ಅವನು ಗುರುವಿನ ಕಡೆಗೆ. ದಾರಿಯುದ್ದಕ್ಕೂ ‘ಇವನೊಮ್ಮೆ ತೊಲಗಿದರೆ ಸಾಕು’ ಎಂದುಕೊಂಡಿದ್ದ ಪ್ರೇಕ್ಷಕರಿಗೆ, ಅವನು ಬೆನ್ನು ತಿರುಗಿಸಿದ ಗಳಿಗೆಯಲ್ಲಿ ಹರಿಶ್ಚಂದ್ರನು ನಿಜವಾಗಿ ಒಂಟಿಯಾದನೆಂದು ಅರಿವಾಗುತ್ತದೆ.