ಸಲೈನ್ ಹಚ್ಚಿದ ಆಲದ ಮರ

ದಸರಾ ರಜೆಗೆ ಹೈದರಾಬಾದಿನಿಂದ ಕಾರಿನಲ್ಲೇ ಹೊರಟೆವು. ಸುಮಾರು 200 ಕಿ.ಮೀ. ದೂರದ ರಾಯಚೂರಿನಲ್ಲಿ ದೊಡ್ಡವ್ವ. ಮುಂದೆ ಮಸ್ಕಿಯಲ್ಲಿ ಅತ್ತೆ, ಗಂಗಾವತಿಯಲ್ಲಿ ಸೋದರಮಾವ. ಈ ಸಲ ಅವಸರ ಮಾಡಿದ್ದು ದೊಡ್ಡವ್ವನ ಕಿವಿಗಾಗಿ. ಫೋನಿನಲ್ಲಿ ಈಗ ಅವಳಿಗೆ ಏನೂ ಕೇಳಿಸುವುದಿಲ್ಲ.

ಮೊದಲು ನಿಂತದ್ದು ಮಹಬೂಬನಗರದ ಪಿಲ್ಲಲಮರ್ರಿಯಲ್ಲಿ. ಸುಮಾರು ಮೂರು ಎಕರೆಗೆ ಹಬ್ಬಿದ, 700 ವರ್ಷದ್ದು ಎನ್ನುವ ಆಲದ ಮರ. ಗೆದ್ದಲು ಹಿಡಿದಾಗ 2018ರಲ್ಲಿ ಬಾಟಲಿ ತೂಗುಹಾಕಿ, ಔಷಧಿ ಹನಿಸಿ ಉಳಿಸಿಕೊಂಡರು. ‘ಮರಕ್ಕೂ ಸಲೈನಾ?’ ಮಗಳಿಗೆ ದಾರಿಯುದ್ದಕ್ಕೂ ಅದೇ ಮಾತು.

ಮಕ್ತಲ್ ದಾಟಿದರೆ ಬೋರ್ಡುಗಳು ತೆಲುಗಿನವಾದರೂ ಕನ್ನಡ ಕಿವಿಗೆ ಬೀಳತೊಡಗುತ್ತದೆ. ಕೃಷ್ಣೆಯ ಆಚೆ ಕರ್ನಾಟಕ. 1956ರ ನವೆಂಬರ್ 1ರವರೆಗೆ ಎರಡೂ ದಡ ಹೈದರಾಬಾದ್ ರಾಜ್ಯವೇ. ನಮ್ಮಜ್ಜನಿಗೆ ಇದು ಬರೀ ಹೊಳೆ. ನಮಗಂತೂ ಶಕ್ತಿನಗರದ ಚಿಮಣಿ ಕಂಡರೇ ಊರು ಬಂದಂತೆ.

‘ಎಷ್ಟ ದಿನ ಇರ್ತಿ, ಅವ್ವಾ?’ ದೊಡ್ಡವ್ವ ಕೇಳಿದಳು. ಮಗಳು ಉತ್ತರಿಸದೆ ಮರದ ಕಥೆ ಶುರುಮಾಡಿದಳು, ಕಿವಿಯ ಹತ್ತಿರ ಕೂಗಿ, ಅರ್ಧ ಕನ್ನಡ, ಅರ್ಧ ತೆಲುಗು. ದೊಡ್ಡವ್ವ ಎರಡೆರಡು ಸಲ ಹೇಳಿಸಿಕೊಂಡಳು. ಒಗ್ಗರಣೆ ಮಂಡಾಳು, ಮಿರ್ಚಿ ತಣ್ಣಗಾದವು.

‘ನಾಳೆ ಬರ್ತೀವಿ’ ಎಂದು ಅತ್ತೆಗೆ ಫೋನ್ ಮಾಡಿದೆ. ಮಸ್ಕಿಯ ಬೆಟ್ಟ, ಅಶೋಕನ ಶಾಸನ ಒಂದು ದಿನ ಕಾಯಲಿ.