ಚಿನ್ನ ಹೋಯಿತು, ದೂಳು ಉಳಿಯಿತು: ಸಯನೈಡ್ ದಿಬ್ಬಗಳ ರಸಾಯನ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ರೈಲಿನಲ್ಲಿ ಸಾಗುವವರಿಗೆ ಕೋಲಾರ ಚಿನ್ನದ ಗಣಿ ಪ್ರದೇಶದ ಸಯನೈಡ್ ದಿಬ್ಬಗಳು ಪರಿಚಿತ. ಅವುಗಳ ಹಿಂದಿರುವುದು ಎರಡು ರಾಸಾಯನಿಕ ಕ್ರಿಯೆಗಳು.

ಚಿನ್ನವು ನೀರಿನಲ್ಲಿ ಕರಗದು. ಆದರೆ ಸಯನೈಡ್ ದ್ರಾವಣದಲ್ಲಿ ಗಾಳಿಯ ಆಮ್ಲಜನಕವು ಚಿನ್ನದಿಂದ ಇಲೆಕ್ಟ್ರಾನ್ ಪಡೆಯುತ್ತದೆ. ಸಯನೈಡ್ ಅದರೊಡನೆ ಬೆಸೆದು ಕರಗಿಸುತ್ತದೆ. ಇದು ಉತ್ಕರ್ಷಣ. ಬಳಿಕ ಸತುವನ್ನು ಬೆರೆಸಿದಾಗ ಸತು ಕರಗಿ, ಚಿನ್ನ ಹೊರಬೀಳುತ್ತದೆ. ಇದು ಸ್ಥಾನಪಲ್ಲಟ. ಎರಡೂ ಶಾಖವನ್ನು ಹೊರಬಿಡುವ ಬಹಿರುಷ್ಣಕ ಕ್ರಿಯೆಗಳು. ಸಾಮಾನ್ಯ ಉಷ್ಣತೆಯಲ್ಲೇ ನಡೆಯುತ್ತವೆ.

ಹಾಗಾದರೆ ಶಕ್ತಿ ವ್ಯಯವಾದದ್ದೆಲ್ಲಿ? ಬಂಡೆಯನ್ನು ಅಗೆದು, ಮೇಲೆತ್ತಿ, ಪುಡಿಮಾಡುವಲ್ಲಿ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಇಲ್ಲಿಗೆ ಹರಿದದ್ದು ಗಣಿಯ ಯಂತ್ರಗಳಿಗಾಗಿ. ಕಣ ಸಣ್ಣದಾದಷ್ಟೂ ಮೇಲ್ಮೈ ಹೆಚ್ಚಿ, ಕ್ರಿಯೆ ಚುರುಕಾಗುತ್ತದೆ.

ಆ ನುಣುಪೇ ಇಂದು ಕಂಟಕವಾಗಿದೆ. 2001ರಲ್ಲಿ ಗಣಿ ಮುಚ್ಚಿತು, ಪುಡಿ ಉಳಿಯಿತು. ಸಯನೈಡ್ ಬಿಸಿಲು, ಗಾಳಿಗೆ ಕಾಲಕ್ರಮೇಣ ಬಹುಮಟ್ಟಿಗೆ ವಿಘಟನೆ ಹೊಂದುತ್ತದೆ. ಶ್ವಾಸಕೋಶಕ್ಕೆ ಹಾನಿಕರವಾದ ಸಿಲಿಕಾ ದೂಳಿಗೆ ಅಂಥ ವಿಘಟನೆಯಿಲ್ಲ. ಗಾಳಿ ಬೀಸಿದಾಗ ಅದು ಮನೆಗಳನ್ನು ಸೇರುತ್ತದೆ.

ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಸಮ್ಮತಿಸಿತು. ಆದರೆ ಒಂದು ಟನ್ ಪುಡಿಯಲ್ಲಿ ಚಿನ್ನದ ಪಾಲು ಅತ್ಯಲ್ಪ. ಅದನ್ನು ತೆಗೆದ ಮೇಲೂ ಪುಡಿಯ ರಾಶಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆ ರಾಶಿ ಮತ್ತೆ ಹಾರದಂತೆ ನೋಡಿಕೊಳ್ಳುವುದೇ ಯೋಜನೆಯ ನಿಜವಾದ ಪರೀಕ್ಷೆ.