ಕಾಲ್ಚೆಂಡಿನ ಹಣ ಎಲ್ಲಿ ಹೋಯಿತು?

ಚಂದ್ರಬಂಡದಿಂದ ರಾಯಚೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ತರುಣನೊಬ್ಬನು ನಮಸ್ಕರಿಸಿ ಪಕ್ಕದಲ್ಲಿ ಕುಳಿತನು. ನಮ್ಮ ಪ್ರೌಢಶಾಲೆಯಲ್ಲಿ ಕಲಿತವನೇ. ಪದ್ಯ ಬಾಯಿಪಾಠ ಒಪ್ಪಿಸುವಾಗ ಪ್ರತಿ ಸಾಲಿಗೂ ತಡವರಿಸುತ್ತಿದ್ದನು. ಚೆಂಡು ಕಾಲಿಗೆ ಸಿಕ್ಕಿತೆಂದರೆ ಮಾತ್ರ ಎಲ್ಲಿಯೂ ತಡವರಿಸಿದವನಲ್ಲ. ಈಗ ಪದವಿ ಕಾಲೇಜಿನ ಎರಡನೆಯ ವರ್ಷದಲ್ಲಿ ಓದುತ್ತಿದ್ದಾನೆ.

"ಸರ್, ನಮ್ಮ ಕಾಲೇಜಿನ್ಯಾಗ ಈ ವರ್ಷದಿಂದ ಫುಟ್‌ಬಾಲ್ ಟೀಮು ಇಲ್ಲ ಅಂತ ಹೇಳಿಬಿಟ್ರು. ಸ್ಪೋರ್ಟ್ಸ್ ಫೀಸು ಮಾತ್ರ ತಗೊಂಡಾರ. ಆ ರೊಕ್ಕ ಎಲ್ಲಿ ಹೋತ್ರಿ?" ಎಂದು ಕೇಳಿದನು.

ನಾನು ಕನ್ನಡ ಪಂಡಿತ. ಸಂಧಿ ಸಮಾಸಗಳ ಪ್ರಶ್ನೆಯಾಗಿದ್ದರೆ ಬಸ್ಸು ನಿಲ್ಲುವುದರೊಳಗೆ ಉತ್ತರ ಹೇಳಿಬಿಡುತ್ತಿದ್ದೆ. ಇದಕ್ಕೆ ನಾಲ್ಕು ಜನ ದೈಹಿಕ ಶಿಕ್ಷಣದ ಮಿತ್ರರನ್ನು ಕೇಳಬೇಕಾಯಿತು, ಕೆಲವು ನಿಯಮಗಳನ್ನು ಓದಬೇಕಾಯಿತು. ತಿಳಿದುಬಂದದ್ದನ್ನು ವಾಚಕರ ಮುಂದಿಡುತ್ತಿದ್ದೇನೆ. ಯಾರೋ ಹಣ ನುಂಗಿದರು ಎನ್ನುವುದು ಎಲ್ಲಕ್ಕಿಂತ ಸುಲಭವಾದ ಉತ್ತರ. ಎಲ್ಲಿಯಾದರೂ ಹಾಗೆಯೂ ಆಗಿದ್ದೀತು. ಆದರೆ ಲೆಕ್ಕದ ಪುಸ್ತಕವು ಪೈಸೆಗೆ ಪೈಸೆ ಸರಿಯಿದ್ದರೂ ತಂಡ ನಿಂತುಹೋಗುತ್ತದೆ. ವಿಚಾರ ಮಾಡತಕ್ಕದ್ದು ಅದನ್ನೇ.

ಮೊದಲು ನೆಲದ ಮಾತು. ದೊಡ್ಡ ಪಂದ್ಯಗಳ ಕಾಲ್ಚೆಂಡಿನ ಅಂಗಣ ಕಡಮೆಯೆಂದರೂ 100 ಮೀಟರ್ ಉದ್ದ, 64 ಮೀಟರ್ ಅಗಲವಿರಬೇಕು. ಎಂದರೆ ಒಂದೂವರೆ ಎಕರೆಗೆ ಮಿಗಿಲು. ಕಬಡ್ಡಿಗೆ 13 ಮೀಟರಿಗೆ 10 ಮೀಟರು ಸಾಕು. ವಾಲಿಬಾಲಿಗೆ 18ಕ್ಕೆ 9. ಒಂದು ಕಾಲ್ಚೆಂಡಿನ ಅಂಗಣದ ಜಾಗದಲ್ಲಿ ನಲವತ್ತೊಂಬತ್ತು ಕಬಡ್ಡಿ ಅಂಗಣಗಳು ಹಿಡಿಸುತ್ತವೆ. ಹೊಸ ಕೋಣೆ ಕಟ್ಟಬೇಕಾಗಿ ಬಂದಾಗ ಎಲ್ಲರ ಕಣ್ಣು ಎತ್ತ ಹೊರಳುವುದೆಂದು ಬೇರೆ ಹೇಳಬೇಕಾಗಿಲ್ಲ. ನಾನು ಹಿಂದೆ ಕೆಲಸದಲ್ಲಿದ್ದ ಊರೊಂದರ ಶಾಲೆಯಲ್ಲಿ ಎರಡು ಕೋಣೆಗಳನ್ನು ಅಂಗಣದ ಒಂದು ಮೂಲೆಯಲ್ಲಿ ಎಬ್ಬಿಸಿದರು. ಮೂಲೆಯಲ್ಲವೇ ಎಂದು ನಾವು ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಮೂಲೆ ಹೋದ ಮೇಲೆ ಉಳಿದದ್ದು ಬಯಲೇ ಹೊರತು ಕಾಲ್ಚೆಂಡಿನ ಅಂಗಣವಾಗಿ ಉಳಿಯಲಿಲ್ಲ. ಮರುವರ್ಷ ಅಲ್ಲಿ ಖೊ ಖೊ ಕಂಬಗಳನ್ನು ನೆಟ್ಟರು. ಕೋಣೆಗಳು ಬೇಡವಾಗಿದ್ದವೆಂದಲ್ಲ, ಮಕ್ಕಳು ಮರದ ಕೆಳಗೆ ಕುಳಿತು ಓದುತ್ತಿದ್ದರು.

ಇನ್ನು ರೊಕ್ಕದ ಲೆಕ್ಕ. ಸರ್ಕಾರಿ ಪ್ರೌಢಶಾಲೆಗೆ ಆಟದ ಸಾಮಾನಿಗೆಂದು ಸಮಗ್ರ ಶಿಕ್ಷಾ ಯೋಜನೆಯಲ್ಲಿ ವರ್ಷಕ್ಕೆ 25,000 ರೂಪಾಯಿಯವರೆಗೆ ಕೊಡಬಹುದೆಂದು ಗೊತ್ತುಮಾಡಿದ್ದಾರೆ. ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000. ಅಷ್ಟರಲ್ಲಿ ವಾಲಿಬಾಲು, ಬಲೆ, ಕೇರಂ ಹಲಗೆ, ಹಗ್ಗ, ಗುಂಡು, ಚಕ್ರ ಎಲ್ಲವೂ ಬರಬೇಕು. ಹದಿನಾರು ಹುಡುಗರಿಗೆ ಜೋಡಿಗೆ ಎಂಟುನೂರರ ಬೂಟು ಕೊಳ್ಳುತ್ತೇವೆಂದಿಟ್ಟುಕೊಳ್ಳಿರಿ. ಅಲ್ಲಿಗೇ 12,800 ಮುಗಿಯಿತು, ಚೆಂಡು ಇನ್ನೂ ಅಂಗಡಿಯಲ್ಲಿಯೇ ಇದೆ.

ಕಾಲೇಜಿನ ಕ್ರೀಡಾಶುಲ್ಕದ ಬಗೆ ಬೇರೆ. ಪ್ರವೇಶದ ದಿನ ವಿದ್ಯಾರ್ಥಿ ಕಟ್ಟುವುದರಲ್ಲಿ ಒಂದು ಪಾಲು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಅಂತರ ಕಾಲೇಜು ಪಂದ್ಯಗಳೂ ವಿಶ್ವವಿದ್ಯಾಲಯದ ತಂಡಗಳ ಪ್ರಯಾಣವೂ ಅದರಿಂದ ನಡೆಯಬೇಕು. ಕಾಲೇಜಿನಲ್ಲಿ ಉಳಿದ ಪಾಲಿನಿಂದ ವಾರ್ಷಿಕ ಕ್ರೀಡೋತ್ಸವ ನಡೆಯಬೇಕು. ಕ್ರೀಡೋತ್ಸವವೆಂದರೆ ಶಾಮಿಯಾನ, ಧ್ವನಿವರ್ಧಕ, ಪ್ರಶಸ್ತಿಪತ್ರ, ಅತಿಥಿಗಳಿಗೆ ಹಾರ, ಶಾಲು. ಒಂದು ದಿನದ ಈ ಸಂಭ್ರಮಕ್ಕೆ ಹೋಗುವ ಹಣದ ಬಗ್ಗೆ ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ತಂಡವಾದರೋ ದಿನವೂ ನಸುಕಿನಲ್ಲಿ, ಯಾರೂ ನೋಡದ ಹೊತ್ತಿನಲ್ಲಿ ಖರ್ಚು ಮಾಡಿಸುತ್ತದೆ.

ಪಂದ್ಯಕ್ಕೆ ಕಲಬುರಗಿಗೆ ಹೋಗಬೇಕೆಂದಿಟ್ಟುಕೊಳ್ಳಿರಿ. ಬಸ್ಸು, ಊಟ ಸೇರಿ ತಲೆಗೆ ಆರುನೂರು ರೂಪಾಯಿ ಹಿಡಿದರೆ ಹದಿನೆಂಟು ಜನದ ಕಾಲ್ಚೆಂಡಿನ ತಂಡಕ್ಕೆ 10,800 ಬೇಕು. ಒಬ್ಬ ಓಟಗಾರನಿಗೆ 600 ಸಾಕು. ಆ ಓಟಗಾರ 100, 200, 400 ಮೀಟರುಗಳಲ್ಲಿ ಗೆದ್ದು ಮೂರು ಪದಕಗಳನ್ನು ತಂದಾನು. ಹದಿನೆಂಟು ಜನ ಗೆದ್ದರೂ ತರುವುದು ಒಂದೇ ಕಪ್ಪು. ಇದು ಬರಿಯ ಮಾತಿನ ಚಮತ್ಕಾರವಲ್ಲ. ಕಾಲೇಜುಗಳ ಗುಣಮಟ್ಟವನ್ನು ಅಳೆದು ದರ್ಜೆ ಕೊಡಲು 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕಚೇರಿಯಿರುವ ನ್ಯಾಕ್ ಎಂಬ ಸಂಸ್ಥೆಯನ್ನು ವಾಚಕರು ಕೇಳಿರಬಹುದು. ಕಾಲೇಜುಗಳು ತುಂಬಿ ಕಳುಹಿಸುತ್ತ ಬಂದ ಅದರ ನಮೂನೆಯಲ್ಲಿ ಕ್ರೀಡಾ ಪ್ರಶಸ್ತಿಗಳ ಸಂಖ್ಯೆಯನ್ನು ಕೇಳುವಲ್ಲಿ, ತಂಡವಾಗಿ ಗೆದ್ದ ಪ್ರಶಸ್ತಿಯನ್ನು ಒಂದೆಂದೇ ಎಣಿಸತಕ್ಕದ್ದೆಂದು ಬರೆದಿದೆ. ಗಣಿತದ ದೃಷ್ಟಿಯಿಂದ ನಿಯಮ ತಪ್ಪಲ್ಲ. ಆದರೆ ಇದ್ದಷ್ಟು ಹಣದಲ್ಲಿ ಹೆಚ್ಚು ಪ್ರಶಸ್ತಿ ತೋರಿಸಬೇಕಾದ ಪ್ರಾಚಾರ್ಯರು ಯಾವ ಆಟವನ್ನು ಮೊದಲು ಬಿಟ್ಟಾರು? ಅವರ ಕುರ್ಚಿಯಲ್ಲಿ ನಾನು ಕುಳಿತಿದ್ದರೂ ಕೈ ಅದೇ ಸಾಲಿನ ಮೇಲೆ ಹೋಗುತ್ತಿತ್ತೋ ಏನೋ.

ಇಷ್ಟಾದರೂ ಹಿಂದಿನವರು ಶ್ರೀಮಂತರಾಗಿರಲಿಲ್ಲ. ತಂಡಗಳನ್ನು ಹೇಗೆ ನಡೆಸಿದರು? ಇಲ್ಲಿಯೇ ಮುಖ್ಯವಾದ ಸಂಗತಿಯಿರುವುದು.

ರಾಯಚೂರು ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಹೈದರಾಬಾದಿನ ಪೋಲೀಸ್ ತಂಡವು 1950ರಿಂದ 1954ರವರೆಗೆ ಐದು ವರ್ಷ ಒಂದೇ ಸಮನೆ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದನ್ನು ತಿದ್ದಿ ಬೆಳೆಸಿದ ಸೈಯದ್ ಅಬ್ದುಲ್ ರಹೀಮರು ಮೂಲದಲ್ಲಿ ಶಾಲಾಮಾಸ್ತರರು. ಹೀಗಾಗಿ ಅವರ ಹೆಸರು ಬಂದಾಗಲೆಲ್ಲ ನನಗೆ ಸ್ವಲ್ಪ ಹೆಮ್ಮೆ. ಅವರೇ ಭಾರತ ತಂಡಕ್ಕೂ ಗುರುಗಳಾದರು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ಮೆಲ್ಬೋರ್ನಿನ ಒಲಿಂಪಿಕ್ಸಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಉಪಾಂತ್ಯಕ್ಕೆ ಹೋಯಿತು. ಆ ತಂಡದಲ್ಲಿ ಹೈದರಾಬಾದಿನ ಅಜೀಜುದ್ದೀನ್, ನೂರ್ ಮಹಮ್ಮದ್ ಇದ್ದರು, ಮೈಸೂರು ರಾಜ್ಯದ ಕೆಂಪಯ್ಯನವರಿದ್ದರು.

ಪೋಲೀಸ್ ತಂಡವೆಂದರೆ ಏನು? ಆಟಗಾರನಿಗೆ ಒಂದು ಸರ್ಕಾರಿ ಉದ್ಯೋಗ, ತಿಂಗಳ ಸಂಬಳ, ಕೊನೆಗೆ ಪಿಂಚಣಿ. ಬೆಂಗಳೂರಿನಲ್ಲಿ ಇದೇ ಕೆಲಸವನ್ನು ಕಾರ್ಖಾನೆಗಳು ಮಾಡಿದವು: ಎಚ್‌ಎಎಲ್, 1948ರಲ್ಲಿ ಆರಂಭವಾದ ಐಟಿಐ, ಬಿಇಎಲ್ ಮೊದಲಾದವು. ಮೈಸೂರು ತಂಡವು 1946-47, 1952-53, 1967-68, 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತು. ಹಳ್ಳಿಯ ತಂದೆಯೊಬ್ಬನು ಮಗನನ್ನು ಆಡಲು ಬಿಟ್ಟನೆಂದರೆ ಚೆಂಡಿನ ಮೇಲಣ ಪ್ರೀತಿಯಿಂದಲ್ಲ. ಆಡಿದರೆ ಕಾರ್ಖಾನೆಯಲ್ಲಿ ನೌಕರಿ ಸಿಕ್ಕೀತೆಂಬ ನೆಚ್ಚಿಕೆಯಿಂದ. ಕಾಲೇಜಿನ ತಂಡವು ಆ ನೆಚ್ಚಿಕೆಯ ನೀರು ಕುಡಿದು ಬೆಳೆದ ಗಿಡ.

1990ರ ದಶಕದ ಬಳಿಕ ಆ ನೀರಿನ ಮಟ್ಟ ಇಳಿಯಿತು. ಐಟಿಐ ನಷ್ಟಕ್ಕೆ ಸಿಕ್ಕಿತು. ಹೊಸಬರನ್ನು ತೆಗೆದುಕೊಳ್ಳುವುದೇ ಕಷ್ಟವಾದಲ್ಲಿ ಆಟಗಾರರನ್ನು ತೆಗೆದುಕೊಳ್ಳುವ ಮಾತೆಲ್ಲಿ? ಎಚ್‌ಎಎಲ್ ತಂಡವು ತನ್ನ ನೌಕರರನ್ನೇ ಕಟ್ಟಿಕೊಂಡು 2010-11, 2011-12ರಲ್ಲಿ ದೇಶದ ಐ-ಲೀಗ್ ಆಡಿ, ಹೊರದೇಶದ ಆಟಗಾರರಿದ್ದ ತಂಡಗಳ ಎದುರು ನಿಲ್ಲಲಾರದೆ ಕೆಳಗಿಳಿಯಿತು. ಖಾಸಗಿಯವರದೂ ಅದೇ ಕಥೆ. ಮುಂಬಯಿಯ ಮಹೀಂದ್ರಾ ಯುನೈಟೆಡ್ 2010ರಲ್ಲಿ ಮುಚ್ಚಿತು. ಆ ಹಣದಿಂದ ಶಾಲಾಮಕ್ಕಳ ಪಂದ್ಯಾವಳಿ ನಡೆಸುವುದಾಗಿ ಒಡೆಯರು ಹೇಳಿದರು. ಪಂಜಾಬಿನ ಫಗವಾಡದ ಜೆಸಿಟಿ ಗಿರಣಿಯ ತಂಡ 2011ರಲ್ಲಿ ಮುಚ್ಚಿತು. ಜನರ ಕಣ್ಣಿಗೆ ಆಟ ಬೀಳುತ್ತಿಲ್ಲವೆಂದು ಅವರು ಕೊಟ್ಟ ಕಾರಣ. ಜನರ ಕಣ್ಣು ಎಲ್ಲಿತ್ತೆಂದು ಟೆಲಿವಿಷನ್ ಇದ್ದವರಿಗೆ ಗೊತ್ತು. 2008ರಲ್ಲಿ ಆರಂಭವಾದ ಐಪಿಎಲ್ ಕ್ರಿಕೆಟ್ಟಿನ ಪ್ರಸಾರದ ಹಕ್ಕು 2023ರಿಂದ 2027ರ ಅವಧಿಗೆ 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಕಾಲ್ಚೆಂಡಿನಲ್ಲಿ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2018-19ರಲ್ಲಿ ಐಎಸ್‌ಎಲ್ ಗೆದ್ದಿತು. ಅಂಥ ತಂಡವೂ 2025ರ ಆಗಸ್ಟಿನಲ್ಲಿ, ಲೀಗು ನಡೆಯುವುದೋ ಇಲ್ಲವೋ ತಿಳಿಯದೆ, ಆಟಗಾರರ ಸಂಬಳವನ್ನು ತಡೆಹಿಡಿಯಬೇಕಾಯಿತು. ಇದನ್ನು ಪತ್ರಿಕೆಯಲ್ಲಿ ಓದಿದ ತಂದೆ ಮಗನಿಗೆ ಏನು ಹೇಳಿಯಾನು? ಹುಡುಗರು ಬರುವುದು ಕಡಮೆಯಾಗುತ್ತದೆ. ಹನ್ನೊಂದು ಜನ ಕೂಡುವುದಿಲ್ಲ. ಕೂಡದ ತಂಡಕ್ಕೆ ಹಣವೇಕೆಂದು ಕಾಲೇಜು ಕೇಳುತ್ತದೆ. ಕತ್ತರಿ ಮೊದಲು ಬಿದ್ದದ್ದು ಕಾಲೇಜಿನಲ್ಲಲ್ಲ, ಕಾರ್ಖಾನೆಯ ಬಾಗಿಲಲ್ಲಿ.

2023ರ ಮಾರ್ಚ್‌ನಲ್ಲಿ ಕರ್ನಾಟಕವು ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಸಂತೋಷ್ ಟ್ರೋಫಿಯನ್ನು ತಂದಿತು ಎಂಬುದನ್ನೂ ಹೇಳಬೇಕು. ನಡುವೆ ಐವತ್ತನಾಲ್ಕು ವರ್ಷ ಕಳೆದಿದ್ದವು.

ಹಣ ಹೊಳೆಯಾಗಿ ಹರಿಯುವ ಅಮೆರಿಕದಲ್ಲಿಯೂ ಕಾಲೇಜುಗಳು ಫುಟ್‌ಬಾಲನ್ನು ಕೈಬಿಡುತ್ತವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಅವರ ಫುಟ್‌ಬಾಲು ಚೆಂಡನ್ನು ಬಹುಪಾಲು ಕೈಯಲ್ಲಿಯೇ ಹಿಡಿದು ಓಡುವ ಆಟ. ಹೆಸರಿಟ್ಟವರು ವ್ಯಾಕರಣ ಓದಿರಲಾರರು. ದೊಡ್ಡ ಕಾಲೇಜಿನ ತಂಡವೊಂದರಲ್ಲಿ ನೂರರ ಸುತ್ತ ಆಟಗಾರರು. ಟೆಲಿವಿಷನ್ನಿನಿಂದ ಲಾಭ ಕಾಣುವವು ಕೆಲವೇ. ಉಳಿದವು ವಿದ್ಯಾರ್ಥಿಗಳ ಶುಲ್ಕದಿಂದಲೂ ಕಾಲೇಜಿನ ಬೊಕ್ಕಸದಿಂದಲೂ ನಡೆಯುತ್ತವೆ. ನ್ಯೂಯಾರ್ಕ್ ಬಳಿಯ ಹಾಫ್‌ಸ್ಟ್ರಾ ವಿಶ್ವವಿದ್ಯಾಲಯ 2009ರಲ್ಲಿ ತಂಡವನ್ನು ನಿಲ್ಲಿಸಿ, ವರ್ಷಕ್ಕೆ ಸುಮಾರು 45 ಲಕ್ಷ ಡಾಲರುಗಳನ್ನು ಪಾಠಪ್ರವಚನಕ್ಕೂ ವಿದ್ಯಾರ್ಥಿವೇತನಕ್ಕೂ ತಿರುಗಿಸುವುದಾಗಿ ಬಹಿರಂಗವಾಗಿ ಹೇಳಿತು. ಅಲಬಾಮಾದ ಬರ್ಮಿಂಗ್‌ಹ್ಯಾಮಿನ ವಿಶ್ವವಿದ್ಯಾಲಯ 2014ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ಊರವರು ಎದ್ದು ಕೇಳಿದರು, ಚಂದಾ ಎತ್ತಿದರು. 2017ರಲ್ಲಿ ತಂಡ ಮತ್ತೆ ಅಂಗಣಕ್ಕೆ ಇಳಿಯಿತು. ಇನ್ನೂ ಹಳೆಯದು ಷಿಕಾಗೋ ವಿಶ್ವವಿದ್ಯಾಲಯದ್ದು: ಅಧ್ಯಕ್ಷ ಹಚಿನ್ಸರು ಓದಿಗೆ ಅಡ್ಡಿಯೆಂದು 1939ರಲ್ಲಿ ಆಟವನ್ನೇ ತೆಗೆಸಿದರು. ಬರಿದಾದ ಆ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ 1942ರ ಡಿಸೆಂಬರ್ 2ರಂದು ವಿಜ್ಞಾನಿ ಫರ್ಮಿಯವರು ಪರಮಾಣು ಸರಣಿಕ್ರಿಯೆಯನ್ನು ಮೊಟ್ಟಮೊದಲು ನಡೆಸಿ ತೋರಿದರು. ಆಟ ಬಿಟ್ಟ ಜಾಗ ಏನಾಗುವುದೆಂದು ಮೊದಲೇ ಹೇಳಬರುವುದಿಲ್ಲ. ನಮ್ಮಲ್ಲಿ ಹೆಚ್ಚಾಗಿ ದ್ವಿಚಕ್ರ ವಾಹನಗಳು ನಿಲ್ಲುತ್ತವೆ.

ಅಲ್ಲಿಯ ಈ ಸಂಗತಿಗಳಲ್ಲಿ ನನಗೆ ಹಿಡಿಸಿದ್ದು ಮೊತ್ತವಲ್ಲ. ನಿಲ್ಲಿಸಿದವರು ಇಷ್ಟು ಹಣ, ಇದಕ್ಕೆ ಹೋಗುತ್ತದೆ ಎಂದು ಹೇಳಿದರು ಎಂಬುದು. ನಮ್ಮ ಹುಡುಗನಿಗೆ ಯಾರೂ ಹಾಗೆ ಹೇಳಲಿಲ್ಲ. ಅವನ ಶುಲ್ಕ ಕಳುವಾಗಿರಲಿಕ್ಕಿಲ್ಲ; ಓಟಗಾರನ ಬಸ್ಸಿಗೋ ಶಾಮಿಯಾನಕ್ಕೋ ವಿಶ್ವವಿದ್ಯಾಲಯದ ಪಾಲಿಗೋ ಹೋಗಿದ್ದೀತು. ಹೋದದ್ದು ಸರಿಯೋ ತಪ್ಪೋ ಎಂದು ವಾದಿಸಲಿಕ್ಕಾದರೂ ಅವನಿಗೆ ಅದು ಗೊತ್ತಿರಬೇಕಷ್ಟೆ.

ತಿಂಗಳಾದ ಮೇಲೆ ಆ ಹುಡುಗ ಇನ್ನಿಬ್ಬರನ್ನು ಕರೆದುಕೊಂಡು ಮನೆಗೆ ಬಂದನು. ಪ್ರಾಚಾರ್ಯರಿಗೆ ಒಂದು ಅರ್ಜಿ ಬರೆದಿದ್ದರು: ಕ್ರೀಡಾಶುಲ್ಕದ ಜಮಾಖರ್ಚನ್ನು ಸೂಚನಾಫಲಕದಲ್ಲಿ ಹಾಕಬೇಕು, ಬೂಟು ನಾವೇ ತರುತ್ತೇವೆ, ಪಂದ್ಯಕ್ಕೆ ಹೋಗಲು ಬಸ್ಸಿನ ಖರ್ಚು ಮಾತ್ರ ಕೊಡಬೇಕು. ಒತ್ತಕ್ಷರದ ತಪ್ಪು ಏಳಿದ್ದವು, ತಿದ್ದಿಕೊಟ್ಟೆ. ಬೂಟಿನ ಹಣ ಎಲ್ಲಿಂದ ಬರುವುದೆಂದು ಕೇಳಿದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಗೋಲು ಹೊಡೆದ ಬೆಂಗಳೂರಿನ ರಾಮನ್ ಬರಿಗಾಲಲ್ಲಿ ಆಡಿದ್ದರೆಂದು ನಾನೇ ಒಮ್ಮೆ ತರಗತಿಯಲ್ಲಿ ಹೇಳಿದ್ದೆನಂತೆ. ಅದನ್ನೇ ನನಗೆ ತಿರುಗಿಸಿ ಹೇಳಿದರು. ಸದ್ಯಕ್ಕೆ ಊರಾಚೆ, ಹತ್ತಿ ಬಿಡಿಸಿ ಕಟ್ಟಿಗೆ ಕಿತ್ತ ಹೊಲವೊಂದರಲ್ಲಿ ಸಂಜೆ ಆಡುತ್ತಿದ್ದಾರೆ. ಮುಂಗಾರು ಬಿತ್ತನೆಯವರೆಗೆ ಆಡಿಕೊಳ್ಳಿರೆಂದು ಹೊಲದವರು ಹೇಳಿದ್ದಾರೆ. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ.